ಹೋಸ್ ಬದಲಾಯಿತು, ಏರ್ ತೆಗೆದವರು ಯಾರು?

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕ್‌ಗಳಿಗೆ ಪ್ರವೇಶವಿಲ್ಲ. ಅಂದಿನಿಂದ ಶ್ರೀರಂಗಪಟ್ಟಣದ ಆಸುಪಾಸಿನ ಸವಾರರಿಗೆ ಉಳಿದಿರುವುದು ಸರ್ವಿಸ್ ರಸ್ತೆ, ಊರೊಳಗಿನ ರಸ್ತೆ, ನಾಲೆ ಏರಿ. ಅಲ್ಲಿ ಹಂಪ್‌ಗಳಿವೆ, ದಿಢೀರನೆ ಅಡ್ಡ ಬರುವ ದನಗಳಿವೆ, ಕಬ್ಬು ಕಟಾವಿನ ದಿನಗಳಲ್ಲಿ ಹಿಂಬದಿ ದೀಪವಿಲ್ಲದೆ ಸಾಗುವ ಟ್ರ್ಯಾಕ್ಟರ್‌ಗಳಿವೆ. ಪಾಂಡವಪುರದಿಂದ ಮೇಲುಕೋಟೆಗೆ ಹತ್ತಿ ಇಳಿಯುವವರಿಗೆ ತಿರುವುಗಳು, ನಾಗಮಂಗಲದಿಂದ ಆದಿಚುಂಚನಗಿರಿ ಕಡೆ ಹೋಗುವವರಿಗೆ ರಸ್ತೆ ದಾಟುವ ನವಿಲುಗಳು, ಕೆ.ಆರ್.ಪೇಟೆ ಸೀಮೆಯಲ್ಲಿ ಆಲೆಮನೆಗೆ ಕಬ್ಬು ಹೊತ್ತ ಗಾಡಿಗಳು. ಇಂಥ ದಾರಿಯಲ್ಲಿ ಸವಾರನ ಬಲಗೈ ಬೆರಳು ಮುಂದಿನ ಬ್ರೇಕ್ ಲಿವರ್ ಬಿಟ್ಟು ಹೆಚ್ಚು ದೂರ ಹೋಗುವಂತಿಲ್ಲ.

ಆ ಲಿವರಿನಿಂದ ಚಕ್ರದವರೆಗೆ ಇಳಿಯುವ ಕಪ್ಪು ರಬ್ಬರ್ ಹೋಸ್ ಒಂದಲ್ಲ ಒಂದು ದಿನ ಬಿರುಕು ಬಿಡುತ್ತದೆ. ಹ್ಯಾಂಡಲ್ ತಿರುಗಿ ತಿರುಗಿ ಬಾಗುವ ಜಾಗದಲ್ಲಿ ಸವೆಯುತ್ತದೆ, ಗಾಡಿ ಬಿದ್ದಾಗ ಜಜ್ಜಿಹೋಗುತ್ತದೆ, ಹುಲ್ಲಿನ ಮೆದೆ ಪಕ್ಕ ನಿಲ್ಲಿಸಿದ ಗಾಡಿಯದಾದರೆ ಇಲಿ ಕಚ್ಚಿರುತ್ತದೆ. ಆಗ ಹೊಸ ಹೋಸ್ ಹಾಕಿಸುವುದು ಅನಿವಾರ್ಯ. ಹಾಕಿಸುತ್ತಾರೆ ಕೂಡ. ಆದರೆ ಹೋಸ್ ಹಾಕಿದ ಮೇಲೆ ಮಾಡಬೇಕಾದ ಕೆಲಸ, ಅಂದರೆ ಒಳಗೆ ಸೇರಿಕೊಂಡ ಗಾಳಿಯನ್ನು ಪೂರ್ತಿ ಹೊರಗೆ ತೆಗೆಯುವ ಬ್ಲೀಡಿಂಗ್, ಬಹಳ ಕಡೆ ಅರ್ಧಕ್ಕೆ ನಿಲ್ಲುತ್ತದೆ. ಲಿವರ್ ಮೆತ್ತಗಿದೆಯಲ್ಲ ಎಂದು ಸವಾರ ಕೇಳಿದರೆ ಸಿಗುವ ಉತ್ತರ ಮಂಡ್ಯ ಜಿಲ್ಲೆಯ ಈ ನಾಲ್ಕೂ ತಾಲ್ಲೂಕುಗಳಲ್ಲಿ ಹೆಚ್ಚು ಕಡಿಮೆ ಒಂದೇ: ‘ಏನೂ ಆಗಕಿಲ್ಲ ಬುಡಣ್ಣ, ಓಡಿಸ್ತಾ ಓಡಿಸ್ತಾ ಸರಿ ಆಯ್ತದೆ.’

ಸರಿ ಆಗುವುದಿಲ್ಲ. ಇದನ್ನು ಮೊದಲೇ ಖಡಾಖಂಡಿತವಾಗಿ ಹೇಳಿಬಿಡಬೇಕು.

ಈ ಮಾತು ಹುಟ್ಟಿದ್ದು ಕೆಟ್ಟ ಉದ್ದೇಶದಿಂದಲ್ಲ. ಹೊಸ ಬ್ರೇಕ್ ಪ್ಯಾಡ್ ಹಾಕಿದಾಗ ಅದು ಡಿಸ್ಕಿಗೆ ಹೊಂದಿಕೊಳ್ಳಲು ಒಂದಷ್ಟು ಕಿಲೋಮೀಟರ್ ಓಡಬೇಕು, ಓಡಿದಂತೆ ಹಿಡಿತ ಹೆಚ್ಚುತ್ತದೆ. ಅದು ನಿಜ. ಪ್ಯಾಡಿನ ಈ ಅನುಭವವನ್ನು ಹೋಸಿಗೂ ಅನ್ವಯಿಸಿದ್ದರಿಂದ ಆದ ಎಡವಟ್ಟು ಇದು. ಪ್ಯಾಡ್ ಸವೆದು ಕೂರುತ್ತದೆ, ಗಾಳಿ ಸವೆಯುವುದಿಲ್ಲ. ಕೊಳವೆಯೊಳಗಿನ ಗುಳ್ಳೆ ಹೊರಗೆ ಬರಲು ದಾರಿ ಮಾಡಿಕೊಟ್ಟರಷ್ಟೇ ಬರುತ್ತದೆ.

ಇದರ ಹಿಂದೆ ಈ ಭಾಗದ ಮೆಕ್ಯಾನಿಕ್‌ಗಳ ಪರಂಪರೆಯ ಕಥೆಯೂ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕ್‌ಗಳನ್ನು ತಯಾರಿಸಿತು. ಮಂಡ್ಯ ಸೀಮೆಯ ಎಷ್ಟೋ ಗ್ಯಾರೇಜುಗಳ ಮೊದಲ ಪಾಠ ಆ ಗಾಡಿಗಳ ಮೇಲೆಯೇ ಆದದ್ದು. ಅವುಗಳಲ್ಲಿ ಇದ್ದದ್ದು ಡ್ರಮ್ ಬ್ರೇಕ್. ಕೇಬಲ್ ಸಡಿಲವಾದರೆ ಒಂದು ನಟ್ ತಿರುಗಿಸಿ ಬಿಗಿ ಮಾಡಿದರೆ ಮುಗಿಯಿತು. ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನ್ ಒಯ್ಯುವ ಟಿವಿಎಸ್ ಮೊಪೆಡ್‌ಗಳಲ್ಲಿ ಇಂದಿಗೂ ಅದೇ ಡ್ರಮ್. ಬ್ರೇಕ್ ಎಂದರೆ ಕಣ್ಣಿಗೆ ಕಾಣುವ, ಕೈಯಲ್ಲಿ ಬಿಗಿ ಮಾಡಬಹುದಾದ ವಸ್ತು ಎಂಬ ತಿಳಿವಳಿಕೆ ಬೆಳೆದದ್ದು ಹೀಗೆ.

ಜಪಾನಿನ ಹೋಂಡಾ ಕಂಪನಿ ತನ್ನ ಸಿಬಿ 750 ಬೈಕಿನಲ್ಲಿ ಮುಂಚಕ್ರಕ್ಕೆ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಕೊಟ್ಟದ್ದು 1969ರಲ್ಲಿ. ನಮ್ಮ ಹಳ್ಳಿ ಪಟ್ಟಣಗಳ ಯುವಕರ ಕೈಗೆ ಅದು ಬಂದದ್ದು ಮೂವತ್ತು ವರ್ಷಗಳ ನಂತರ. 1999ರಲ್ಲಿ ಹೀರೊ ಹೋಂಡಾ ಸಿಬಿಝಡ್, 2001ರಲ್ಲಿ ಬಜಾಜ್ ಪಲ್ಸರ್ ಬಂದವು. ಆಮೇಲೆ ಬದಲಾವಣೆ ವೇಗ ಪಡೆಯಿತು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕ್‌ಗಳಿಗೆ, ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ಗಾಡಿಗಳು ಬದಲಾದ ವೇಗದಲ್ಲಿ ಗ್ಯಾರೇಜುಗಳಿಗೆ ತರಬೇತಿ ತಲುಪಲಿಲ್ಲ. ಈ ಕೊರತೆಗೆ ಮೆಕ್ಯಾನಿಕ್ ಒಬ್ಬನನ್ನೇ ಹೊಣೆ ಮಾಡುವುದು ಅನ್ಯಾಯ.

ಡಿಸ್ಕ್ ಬ್ರೇಕಿನಲ್ಲಿ ಬೆರಳಿನ ಬಲವನ್ನು ಚಕ್ರಕ್ಕೆ ಒಯ್ಯುವುದು ದ್ರವ. ಗ್ಯಾರೇಜಿನ ಭಾಷೆಯಲ್ಲಿ ಬ್ರೇಕ್ ಆಯಿಲ್. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಒತ್ತಡವನ್ನು ಹಾಗೆಯೇ ಮುಂದಕ್ಕೆ ಸಾಗಿಸುತ್ತದೆ. ಹೈಸ್ಕೂಲಿನಲ್ಲಿ ಓದಿದ ಪ್ಯಾಸ್ಕಲನ ನಿಯಮ ಇದೇ. ಒಂದು ಸಲ ಲಿವರ್ ಒತ್ತಿದಾಗ ಅದರ ಬುಡದಲ್ಲಿರುವ ಮಾಸ್ಟರ್ ಸಿಲಿಂಡರ್ ಕೆಳಕ್ಕೆ ದೂಡುವ ಆಯಿಲ್ ಒಂದೆರಡು ಮಿಲಿ ಲೀಟರ್ ಮಾತ್ರ. ಅಷ್ಟು ಅಲ್ಪ ಪ್ರಮಾಣದಲ್ಲಿ ಕೆಲಸ ನಡೆಯುವ ಕಡೆ ಪುಟ್ಟದೊಂದು ಗಾಳಿ ಗುಳ್ಳೆ ಇದ್ದರೂ ಬೆರಳಿನ ಬಲ ಅದನ್ನು ಕುಗ್ಗಿಸುವುದಕ್ಕೇ ಖರ್ಚಾಗುತ್ತದೆ. ಲಿವರ್ ಹ್ಯಾಂಡಲಿನವರೆಗೂ ಬರುತ್ತದೆ, ಪ್ಯಾಡ್ ಮಾತ್ರ ಡಿಸ್ಕನ್ನು ಅರೆಬರೆ ಹಿಡಿಯುತ್ತದೆ.

ಎರಡು ಸಲ ಪಂಪ್ ಮಾಡಿದರೆ ಹಿಡಿಯುತ್ತದಲ್ಲ ಎನ್ನುವವರಿದ್ದಾರೆ. ಹಿಡಿಯಬಹುದು. ಆದರೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಗಾಡಿ ಒಂದು ಸೆಕೆಂಡಿಗೆ ಹದಿನಾರು ಮೀಟರಿಗಿಂತ ಹೆಚ್ಚು ಮುಂದೆ ಸಾಗಿರುತ್ತದೆ. ಎರಡನೇ ಸಲ ಪಂಪ್ ಮಾಡಲು ಒಂದು ಸೆಕೆಂಡ್ ಹಿಡಿದರೆ, ಕಬ್ಬಿನ ಟ್ರೇಲರಿಗೂ ಬೈಕಿಗೂ ನಡುವೆ ಇದ್ದ ಅಂತರ ಅಲ್ಲಿಗೇ ಮುಗಿದಿರುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44.5ರಷ್ಟು ದ್ವಿಚಕ್ರ ವಾಹನದಲ್ಲಿದ್ದವರು. ಇವೆಲ್ಲ ಬ್ರೇಕಿನಿಂದಾದ ಸಾವುಗಳಲ್ಲ. ಆದರೆ ಸಾಯುವವರಲ್ಲಿ ಅತಿ ಹೆಚ್ಚು ಮಂದಿ ಯಾವ ವಾಹನದ ಮೇಲಿರುತ್ತಾರೆ ಎಂಬುದನ್ನು ಮರೆತು ಬ್ರೇಕಿನ ವಿಚಾರ ಮಾತಾಡಲಾಗದು.

ಕೆಲಸವನ್ನು ಹತ್ತಿರದಿಂದ ನೋಡಿದರೆ ಅದು ಎಲ್ಲಿ ಕೆಡುತ್ತದೆ ಎಂಬುದು ತಿಳಿಯುತ್ತದೆ. ಹೋಸಿನ ಎರಡೂ ತುದಿಯಲ್ಲಿ ನಡುವೆ ತೂತಿರುವ ಬೋಲ್ಟ್ ಇರುತ್ತದೆ. ಪ್ರತಿ ಬೋಲ್ಟಿಗೂ ಮೇಲೊಂದು ಕೆಳಗೊಂದು ತಾಮ್ರದ ಅಥವಾ ಅಲ್ಯೂಮಿನಿಯಂ ವಾಷರ್. ಬಿಗಿ ಮಾಡಿದಾಗ ಜಜ್ಜಿಕೊಂಡು ಸೋರಿಕೆ ತಡೆಯುವುದೇ ಈ ವಾಷರಿನ ಕೆಲಸ. ಒಮ್ಮೆ ಜಜ್ಜಿದ್ದು ಇನ್ನೊಮ್ಮೆ ಸರಿಯಾಗಿ ಕೂರುವುದಿಲ್ಲ. ಹೊಸ ಹೋಸಿಗೆ ಹಳೆಯ ವಾಷರ್ ಹಾಕುವುದು ಕೆಲವೇ ರೂಪಾಯಿಯ ಉಳಿತಾಯ. ಅದರ ಬೆಲೆ ತೆರುವವನು ಸವಾರ.

ಬಳಿಕ ಹ್ಯಾಂಡಲ್ ಮೇಲಿನ ಡಬ್ಬಿಗೆ ಆಯಿಲ್ ತುಂಬುತ್ತಾರೆ. ಕೆಳಗೆ, ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ನಿಪ್ಪಲ್ಲಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಬೇಕು. ಒಬ್ಬ ಲಿವರ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಸ್ಪ್ಯಾನರಿನಲ್ಲಿ ನಿಪ್ಪಲ್ ಕಾಲು ಸುತ್ತು ಸಡಿಲಿಸಬೇಕು. ಆಯಿಲ್ ಜೊತೆ ಗುಳ್ಳೆಗಳು ಬುಳಬುಳ ಎಂದು ಪೈಪಿನಲ್ಲಿ ಬರುತ್ತವೆ. ನಿಪ್ಪಲ್ ಮುಚ್ಚಿದ ನಂತರವೇ ಲಿವರ್ ಬಿಡಬೇಕು. ಈ ಕ್ರಮ ಒಮ್ಮೆ ತಪ್ಪಿದರೂ ಲಿವರ್ ಹಿಂದೆ ಸರಿಯುವಾಗ ಹೊರಗಿನ ಗಾಳಿಯನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಒಬ್ಬನೇ ಮೆಕ್ಯಾನಿಕ್ ಇರುವ ಅಂಗಡಿಯಲ್ಲಿ, ಫೋನ್ ಬಂದಾಗ, ಇನ್ನೊಂದು ಗಾಡಿ ಬಂದು ನಿಂತಾಗ, ಈ ಕ್ರಮ ತಪ್ಪುವುದು ಸುಲಭ.

ಮೇಲಿನ ಡಬ್ಬಿ ಚಿಕ್ಕದು, ಬೇಗ ಖಾಲಿಯಾಗುತ್ತದೆ. ಗಮನಿಸದೆ ಪಂಪ್ ಮಾಡುತ್ತ ಹೋದರೆ ಮೇಲಿನಿಂದ ಗಾಳಿ ಇಳಿದು, ಅರ್ಧ ಗಂಟೆಯ ಶ್ರಮ ಮೊದಲಿಗೇ ಬಂದು ನಿಲ್ಲುತ್ತದೆ. ಗಾಳಿಗೆ ಮೇಲಕ್ಕೆ ಏರುವ ಗುಣ. ಹಾಗಾಗಿ ಹೋಸಿನ ಮೇಲ್ತುದಿಯ ಬೋಲ್ಟಿನ ಬಳಿ, ಮಾಸ್ಟರ್ ಸಿಲಿಂಡರಿನ ಬಾಯಲ್ಲೇ, ಒಂದು ಗುಳ್ಳೆ ಹಠ ಹಿಡಿದು ಕೂತಿರುತ್ತದೆ. ಕೆಳಗಿನ ನಿಪ್ಪಲ್ಲಿನಿಂದ ಎಷ್ಟು ಆಯಿಲ್ ಹರಿಸಿದರೂ ಅದು ಅಲುಗದಿರಬಹುದು. ಬಟ್ಟೆ ಸುತ್ತಿ, ಲಿವರ್ ಒತ್ತಿ ಹಿಡಿದು, ಆ ಮೇಲಿನ ಬೋಲ್ಟನ್ನೇ ತುಸು ಸಡಿಲಿಸಿ ಬಿಗಿ ಮಾಡಿದರೆ ಅದು ಹೊರಬೀಳುತ್ತದೆ. ಅನುಭವಿಗಳಿಗೆ ಇದು ಗೊತ್ತು, ಗ್ಯಾರೇಜಿಗೆ ಹೊಸದಾಗಿ ಸೇರಿದ ಹುಡುಗರಿಗೆ ಯಾರಾದರೂ ಹೇಳಿಕೊಡಬೇಕು.

ಹೊಸ ಹೋಸ್ ಹಾಕಿದಾಗ ಇಡೀ ಕೊಳವೆ ಖಾಲಿ ಇರುತ್ತದೆ. ಅಂಥ ಸಂದರ್ಭಕ್ಕೆ ಇನ್ನೂ ಸುಲಭದ ದಾರಿಯಿದೆ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ದೊಡ್ಡ ಹೊಸ ಸಿರಿಂಜಿನಲ್ಲಿ ಆಯಿಲ್ ತುಂಬಿ, ಕೆಳಗಿನ ನಿಪ್ಪಲ್ಲಿನಿಂದ ನಿಧಾನವಾಗಿ ಮೇಲಕ್ಕೆ ಒತ್ತಿದರೆ ಆಯಿಲ್ ಏರಿದಂತೆ ಗಾಳಿಯೂ ಅದರ ಮುಂದೆಯೇ ಏರಿ ಡಬ್ಬಿಯಲ್ಲಿ ಗುಳ್ಳೆಯಾಗಿ ಒಡೆಯುತ್ತದೆ. ಡಬ್ಬಿ ತುಂಬಿ ಟ್ಯಾಂಕಿನ ಮೇಲೆ ಚೆಲ್ಲದಂತೆ ನೋಡಿಕೊಳ್ಳಬೇಕು, ಏಕೆಂದರೆ ಬ್ರೇಕ್ ಆಯಿಲ್ ಪೇಂಟನ್ನು ಕಿತ್ತುಹಾಕುತ್ತದೆ. ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಬೇಕು. ಪ್ಯಾಡಿನ ಮೇಲೆ ಬಿದ್ದರೆ ಆ ಪ್ಯಾಡ್ ಬದಲಿಸುವುದೇ ಕ್ಷೇಮ. ರಾತ್ರಿಯಿಡೀ ಲಿವರನ್ನು ಹ್ಯಾಂಡಲಿಗೆ ಒತ್ತಿ ಕಟ್ಟಿಡುವ ರೂಢಿಯೂ ಇದೆ. ಕೊನೆಯಲ್ಲಿ ಉಳಿದ ಸಣ್ಣಪುಟ್ಟ ಗುಳ್ಳೆಗಳಿಗೆ ಅದು ನೆರವಾಗುತ್ತದೆ, ಆದರೆ ಬ್ಲೀಡಿಂಗ್ ಮಾಡದೆ ಬರೀ ಕಟ್ಟಿಟ್ಟರೆ ಪ್ರಯೋಜನವಿಲ್ಲ.

ಇಷ್ಟು ಕೆಲಸಕ್ಕೆ ಗ್ಯಾರೇಜು ಎಷ್ಟು ಕೂಲಿ ಕೇಳುತ್ತದೆ? ಬಹಳ ಕಡೆ ಪ್ರತ್ಯೇಕವಾಗಿ ಏನೂ ಕೇಳುವುದಿಲ್ಲ. ಹೋಸಿನ ದುಡ್ಡು, ಹಾಕಿದ್ದಕ್ಕೆ ಒಂದಿಷ್ಟು. ತಾಳ್ಮೆ ಬೇಡುವ ಭಾಗಕ್ಕೆ ಬೆಲೆಯೇ ಇಲ್ಲದಿದ್ದಾಗ ಮೊದಲು ಕೈಬಿಡುವುದು ಅದನ್ನೇ. ‘ಬೇಗ ಕೊಡಪ್ಪ, ಸಂತೆಗೆ ಹೋಗ್ಬೇಕು’ ಎಂದು ಪಕ್ಕದಲ್ಲಿ ನಿಂತು ಅವಸರ ಮಾಡುವ ಗಾಡಿಯವನ ಪಾಲೂ ಇದರಲ್ಲಿ ಇದೆ. ಅರ್ಧ ಗಂಟೆ ಹೆಚ್ಚು ಕಾಯಲು, ಕೂಲಿ ಹೆಚ್ಚು ಕೊಡಲು ಸವಾರ ತಯಾರಿದ್ದರೆ ಹೆಚ್ಚಿನ ಮೆಕ್ಯಾನಿಕ್‌ಗಳು ಕೆಲಸ ಕೆಡಿಸುವವರಲ್ಲ.

ಆಯಿಲಿನ ವಿಚಾರದಲ್ಲಿ ಮಾತ್ರ ಗ್ಯಾರೇಜುಗಳಿಗೆ ರಿಯಾಯಿತಿ ಕೊಡಲಾಗದು. ನಮ್ಮ ಬೈಕ್‌ಗಳಲ್ಲಿ ಹೆಚ್ಚಾಗಿ ಬಳಸುವುದು ಡಾಟ್ 3 ಅಥವಾ ಡಾಟ್ 4 ದರ್ಜೆಯ ಆಯಿಲ್. ಯಾವುದು ಎಂಬುದು ಡಬ್ಬಿಯ ಮುಚ್ಚಳದ ಮೇಲೆಯೇ ಅಚ್ಚಾಗಿರುತ್ತದೆ. ಈ ಆಯಿಲಿಗೆ ಗಾಳಿಯಲ್ಲಿನ ತೇವ ಹೀರುವ ಗುಣವಿದೆ. ಹೊಸ ಡಾಟ್ 4 ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ಶೇ 3.7ರಷ್ಟು ನೀರು ಸೇರಿದಾಗ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3 ಆದರೆ 205ರಿಂದ 140ಕ್ಕೆ. ಗ್ಯಾರೇಜಿನ ಮೂಲೆಯಲ್ಲಿ ಮುಚ್ಚಳ ಸಡಿಲವಾಗಿ ಮಳೆಗಾಲ ಕಳೆದ ಬಾಟಲಿಯ ಆಯಿಲನ್ನೋ, ಬ್ಲೀಡಿಂಗಿನಲ್ಲಿ ಹೊರಬಂದ ಆಯಿಲನ್ನೋ ತಿರುಗಿ ಹಾಕಿದರೆ, ಹೊಸ ಹೋಸಿನೊಳಗೆ ಮೊದಲ ದಿನವೇ ಹಳೆಯ ಆಯಿಲ್ ಹರಿಯುತ್ತದೆ. ಸೀಲ್ ಒಡೆಯದ ಸಣ್ಣ ಬಾಟಲಿಗೆ ಬೇಕಾಗುವುದು ನೂರು ರೂಪಾಯಿ ಆಸುಪಾಸು.

ಇದರ ಪರಿಣಾಮ ಊರೊಳಗಿನ ಸಮತಟ್ಟು ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಮೇಲುಕೋಟೆಯಿಂದಲೋ, ಶ್ರೀರಂಗಪಟ್ಟಣದ ಕರಿಘಟ್ಟದಿಂದಲೋ, ಪಕ್ಕದ ಚಾಮುಂಡಿ ಬೆಟ್ಟದಿಂದಲೋ ಬ್ರೇಕ್ ಹಿಡಿದುಕೊಂಡೇ ಇಳಿಯುವಾಗ ಡಿಸ್ಕ್ ಕಾಯುತ್ತದೆ, ಶಾಖ ಪ್ಯಾಡಿನ ಮೂಲಕ ಆಯಿಲಿಗೆ ತಲುಪುತ್ತದೆ. ನೀರು ಸೇರಿದ ಆಯಿಲ್ ಕುದ್ದು ಆವಿಯಾಗುತ್ತದೆ. ಆವಿ ಕೂಡ ಗಾಳಿಯಂತೆ ಕುಗ್ಗುವುದರಿಂದ ಲಿವರ್ ಏಕಾಏಕಿ ಹ್ಯಾಂಡಲಿಗೆ ತಾಗುತ್ತದೆ. ಗಾಡಿ ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗಿ ಲಿವರ್ ಮೊದಲಿನಂತೆ ಗಟ್ಟಿಯಾಗುತ್ತದೆ. ಅಪಘಾತವಾದರೆ ಮರುದಿನ ಪರೀಕ್ಷಿಸಿದವರಿಗೆ ಬ್ರೇಕ್ ಸರಿಯಿರುವಂತೆಯೇ ಕಾಣಬಹುದು. ತಪ್ಪು ‘ಅತಿವೇಗ’ದ ಲೆಕ್ಕಕ್ಕೆ ಹೋಗುತ್ತದೆ.

ಎಬಿಎಸ್ ಇರುವ ಗಾಡಿಗಳಲ್ಲಿ ಇನ್ನಷ್ಟು ಎಚ್ಚರ ಬೇಕು. ಅಲ್ಲಿ ಹೋಸ್ ನೇರವಾಗಿ ಕ್ಯಾಲಿಪರಿಗೆ ಹೋಗದೆ ನಡುವೆ ಎಬಿಎಸ್ ಘಟಕವನ್ನು ಹಾದು ಹೋಗುತ್ತದೆ. ಆ ಘಟಕದೊಳಕ್ಕೆ ಗಾಳಿ ನುಗ್ಗಿದ್ದರೆ ಕೆಲವು ಮಾದರಿಗಳಲ್ಲಿ ಸ್ಪ್ಯಾನರ್ ಮತ್ತು ಪೈಪ್ ಮಾತ್ರ ಸಾಲವು, ಕಂಪನಿಯ ಸ್ಕ್ಯಾನರ್ ಜೋಡಿಸಿ ಒಳಗಿನ ಪಂಪ್ ಓಡಿಸಬೇಕಾಗುತ್ತದೆ. ಆ ಉಪಕರಣ ಇಲ್ಲದ ಅಂಗಡಿಯವರು ‘ಇದು ನಮ್ಮಲ್ಲಿ ಆಗುವುದಿಲ್ಲ, ಸರ್ವಿಸ್ ಸೆಂಟರಿಗೆ ಒಯ್ಯಿರಿ’ ಎಂದು ಹೇಳುವುದರಲ್ಲಿ ಅವಮಾನವಿಲ್ಲ.

ಇನ್ನು ಸರ್ಕಾರದ ಪಾಲು. ಮಂಡ್ಯದ ಕೆಎ–11 ಇರಲಿ, ನಾಗಮಂಗಲದ ಕೆಎ–54 ಇರಲಿ, ಸ್ವಂತ ಬಳಕೆಯ ಬೈಕಿಗೆ ಒಮ್ಮೆ ನೋಂದಣಿ ಆದರೆ ಅದು 15 ವರ್ಷ ನಡೆಯುತ್ತದೆ. ಹೊಗೆ ತಪಾಸಣೆಗೆ ಆಗಾಗ ಹೋಗಲೇಬೇಕು, ತಪ್ಪಿದರೆ ದಂಡ. ಬ್ರೇಕ್ ತಪಾಸಣೆಗೆ ಆ 15 ವರ್ಷದಲ್ಲಿ ಒಮ್ಮೆಯೂ ಹೋಗಬೇಕಿಲ್ಲ. ದೋಷವಿರುವ ವಾಹನ ಓಡಿಸುವುದು ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ಪ್ರಕಾರ ಅಪರಾಧವೇ. ಆದರೆ ದೋಷವನ್ನು ಮೊದಲೇ ಪತ್ತೆ ಮಾಡುವ ವ್ಯವಸ್ಥೆ ಬೈಕ್‌ಗಳ ಮಟ್ಟಿಗೆ ಇಲ್ಲ. ಹದಿನೈದು ವರ್ಷಗಳ ಕಾಲ ಆ ಗಾಡಿಯ ಬ್ರೇಕ್ ನೋಡುವ ಏಕೈಕ ತಜ್ಞ ರಸ್ತೆ ಬದಿಯ ಮೆಕ್ಯಾನಿಕ್. ಅವನ ಕೈಯಲ್ಲಿ ಇಷ್ಟು ದೊಡ್ಡ ಹೊಣೆ ಇಟ್ಟ ಮೇಲೆ ಅವನಿಗೆ ಕಲಿಸುವ ಏರ್ಪಾಡೂ ಇರಬೇಕಲ್ಲವೇ?

ದೊಡ್ಡ ಕಂಪನಿಗಳೂ ಬ್ರೇಕಿನಲ್ಲಿ ಎಡವಿವೆ. 2019ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಸುಮಾರು 7,000 ಬುಲೆಟ್‌ಗಳನ್ನು ವಾಪಸ್ ಕರೆಸಿತು. ಬ್ರೇಕ್ ಕ್ಯಾಲಿಪರಿನ ಬೋಲ್ಟ್ ನಿಗದಿತ ಪ್ರಮಾಣದಲ್ಲಿ ಬಿಗಿಯಾಗಿಲ್ಲ ಎಂಬುದು ಕಾರಣ. ಅದೇ ವರ್ಷ ಹೋಂಡಾ ಮುಂಬದಿಯ ಮಾಸ್ಟರ್ ಸಿಲಿಂಡರಿನ ತೊಂದರೆಗಾಗಿ ಡಿಸ್ಕ್ ಬ್ರೇಕಿನ ಆಕ್ಟಿವಾ 125, ಗ್ರಾಜಿಯಾ, ಏವಿಯೇಟರ್, ಸಿಬಿ ಶೈನ್ ಗಾಡಿಗಳನ್ನು ವಾಪಸ್ ಕರೆಯಿತು. ಯಾವ ಗಾಡಿ ಯಾವ ಅವಧಿಯಲ್ಲಿ ತಯಾರಾಯಿತು ಎಂಬ ದಾಖಲೆ ಇದ್ದದ್ದರಿಂದ ಅದು ಸಾಧ್ಯವಾಯಿತು. ಗ್ಯಾರೇಜಿನಲ್ಲಿ ಹಾಕಿದ ಹೋಸಿಗೆ ಅಂಥ ದಾಖಲೆ ಇರುವುದಿಲ್ಲ. ಬಿಲ್ಲಿನಲ್ಲಿ ‘ಹೋಸ್ ಬದಲಾವಣೆ, ಹೊಸ ವಾಷರ್, ಹೊಸ ಡಾಟ್ 4 ಆಯಿಲ್, ಬ್ಲೀಡಿಂಗ್’ ಎಂದು ಒಂದು ಸಾಲು ದಿನಾಂಕದೊಂದಿಗೆ ಬರೆದುಕೊಟ್ಟರೆ ಗ್ರಾಹಕನಿಗೂ ಧೈರ್ಯ, ಮೆಕ್ಯಾನಿಕ್‌ಗೂ ತನ್ನ ಶ್ರಮಕ್ಕೆ ಕೂಲಿ ಕೇಳುವ ಹಕ್ಕು. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕೆಂದು ಹಲವು ಕಂಪನಿಗಳ ಕೈಪಿಡಿಗಳು ಹೇಳುತ್ತವೆ. ಆ ಲೆಕ್ಕಕ್ಕೂ ದಿನಾಂಕ ಬೇಕು.

ಕಲಿಸುವುದು ಕಷ್ಟದ ಮಾತಲ್ಲ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ತರಬೇತಿ ಸಂಸ್ಥೆಯ ಮಾದರಿಯನ್ನು ನೋಡಿ ದೇಶದಾದ್ಯಂತ ಬ್ಯಾಂಕ್‌ಗಳು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ತೆರೆದಿವೆ. ದ್ವಿಚಕ್ರ ವಾಹನ ದುರಸ್ತಿ ಅಲ್ಲಿ ಕಲಿಸುವ ಕಸುಬುಗಳಲ್ಲೊಂದು. ಹೊಸಬರಿಗೆ ಕಲಿಸಿದರೆ ಸಾಲದು. ಹತ್ತಾರು ವರ್ಷಗಳಿಂದ ಅಂಗಡಿ ನಡೆಸುತ್ತಿರುವವರಿಗೆ ಅವರವರ ತಾಲ್ಲೂಕು ಕೇಂದ್ರದಲ್ಲೇ, ಅಂಗಡಿ ಮುಚ್ಚುವ ವಾರದ ರಜೆ ದಿನ, ಹೈಡ್ರಾಲಿಕ್ ಬ್ರೇಕ್ ಮತ್ತು ಎಬಿಎಸ್ ಕುರಿತು ಒಂದು ದಿನದ ಶಿಬಿರ ನಡೆಸಬಹುದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಐಟಿಐ ಬೋಧಕರು, ಸಾರಿಗೆ ಇಲಾಖೆಯ ಮೋಟಾರು ವಾಹನ ನಿರೀಕ್ಷಕರು, ಕಂಪನಿಗಳ ಡೀಲರುಗಳು ಸೇರಿದರೆ ಇದಕ್ಕೆ ದೊಡ್ಡ ಅನುದಾನವೂ ಬೇಡ. ಪ್ರತಿ ವರ್ಷ ಜನವರಿಯಲ್ಲಿ ರಸ್ತೆ ಸುರಕ್ಷತೆಯ ಹೆಸರಿನಲ್ಲಿ ಹೆಲ್ಮೆಟ್ ಜಾಥಾ ನಡೆಯುತ್ತದೆ. ಅದೇ ವೇಳೆ ಬಸ್ ನಿಲ್ದಾಣದ ಬಯಲಿನಲ್ಲಿ ಉಚಿತ ಬ್ರೇಕ್ ತಪಾಸಣೆಯ ಟೆಂಟ್ ಹಾಕುವುದನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಈ ಸಲವೇ ಶುರು ಮಾಡಬೇಕು.

ಅಲ್ಲಿಯವರೆಗೆ ಸವಾರರು ತಾವೇ ಮಾಡಬಹುದಾದ ಪರೀಕ್ಷೆಯಿದೆ. ಹೋಸ್ ಬದಲಿಸಿದ ಗಾಡಿ ಕೈಗೆ ಬಂದಾಗ ಎಂಜಿನ್ ಸ್ಟಾರ್ಟ್ ಮಾಡುವ ಮುನ್ನ ಲಿವರ್ ಬಲವಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಅದು ಮೆಲ್ಲಗೆ ಒಳಕ್ಕೆ ಜಾರಬಾರದು. ಮೊದಲ ಒತ್ತಿಗೂ ಮೂರನೇ ಒತ್ತಿಗೂ ಲಿವರ್ ನಿಲ್ಲುವ ಜಾಗ ಬದಲಾಗಬಾರದು. ಎರಡೂ ಬೋಲ್ಟಿನ ಸುತ್ತ ಬೆರಳಾಡಿಸಿ ಪಸೆ ಇದೆಯೇ ನೋಡಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಹೋಸ್ ಎಳೆದಂತಾಗುತ್ತದೆಯೇ ನೋಡಿ. ಬಳಿಕ ಗ್ಯಾರೇಜಿನ ಮುಂದೆಯೇ ನಿಧಾನಕ್ಕೆ ನಾಲ್ಕು ಮಾರು ಓಡಿಸಿ ಬ್ರೇಕ್ ಹಿಡಿಯಿರಿ. ಲಿವರ್ ಮೆತ್ತಗಿದ್ದರೆ ಗಾಡಿ ಸ್ಟ್ಯಾಂಡ್ ಹಾಕಿ, ಇನ್ನೊಮ್ಮೆ ಏರ್ ತೆಗೆಯಲು ಹೇಳಿ, ಆ ಕೆಲಸದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.